ಮೂರು ವರ್ಷದಿಂದ ಶಟರ್ ಎಳೆದ ಮಳಿಗೆ, ಗೋಡೆ ತುಂಬಾ ಕಪ್ಪು ಬೂಷ್ಟು: ಪೇಂಟರ್‌ನನ್ನು ಕರೆಯಲೇ?

ಪ್ರಶ್ನೆ: ದಾವಣಗೆರೆಯ ಹದಡಿ ರಸ್ತೆ ಕಡೆ ನಮ್ಮದೊಂದು ಕಟ್ಟಡ ಇದೆ. ಕೆಳಗೆ ಮೂರು ಅಂಗಡಿ, ಮೇಲೆ 1,400 ಚದರಡಿಯ ಒಂದು ಹಾಲ್. ದುಡ್ಡು ಸಾಲದೆ 2022ರಲ್ಲಿ ಕೆಲಸ ನಿಲ್ಲಿಸಿದೆವು. ಒಳಗಡೆ ಪ್ಲಾಸ್ಟರ್ ಆಗಿದೆ, ನೆಲಕ್ಕೆ ಟೈಲ್ಸ್ ಹಾಕಿಲ್ಲ. ಹೊರಗೆ ಮುಂಭಾಗಕ್ಕೆ ಮಾತ್ರ ಪ್ಲಾಸ್ಟರ್ ಆಗಿದೆ. ಇನ್ನೊಂದು ಫ್ಲೋರ್ ಏರಿಸುವ ಆಸೆಯಿಂದ ಮಾಳಿಗೆ ಮೇಲೆ ಕಂಬದ ಕಂಬಿಗಳನ್ನು ಹಾಗೇ ಬಿಟ್ಟಿದ್ದೇವೆ. ಉಳಿದ ಪ್ಲೈವುಡ್, ಸೆಂಟ್ರಿಂಗ್ ಹಲಗೆ, ಸಿಮೆಂಟ್ ಚೀಲ ಕೆಳಗಿನ ಅಂಗಡಿಯಲ್ಲೇ ಇವೆ. ದೀಪಾವಳಿ ಮುಗಿದ ಮೇಲೆ ಒಂದು ಡಯಾಗ್ನೋಸ್ಟಿಕ್ ಸೆಂಟರ್‌ನವರು ಬಾಡಿಗೆಗೆ ನೋಡಲು ಬಂದರು. ಶಟರ್ ಎತ್ತಿದ ಕೂಡಲೇ ಮುಗ್ಗಲು ವಾಸನೆ. ಕೆಳಗೆ ಹಿಂದಿನ ಗೋಡೆಯಲ್ಲಿ ಮೂರಡಿ ಎತ್ತರದವರೆಗೆ ಬಿಳಿ ಪುಡಿ, ಅದರ ಮೇಲೆ ಕಪ್ಪು ಕಲೆ. ಮೇಲಿನ ಹಾಲ್‌ನಲ್ಲಿ ಸೀಲಿಂಗ್ ಮೂಲೆಗಳೆಲ್ಲ ಕಪ್ಪು. ಪೇಂಟರ್ ‘ಕೆರೆದು ವಾಟರ್‌ಪ್ರೂಫ್ ಪುಟ್ಟಿ ಹೊಡೆದು ಎರಡು ಕೋಟ್ ಪೇಂಟ್ ಕೊಟ್ಟರೆ ಮುಗೀತು’ ಅನ್ನುತ್ತಾರೆ. ಸ್ನೇಹಿತರೊಬ್ಬರು ‘ಇದು ಬ್ಲ್ಯಾಕ್ ಫಂಗಸ್, ಪ್ಲಾಸ್ಟರ್ ಪೂರ್ತಿ ಕಿತ್ತುಹಾಕಿ, ಲ್ಯಾಬ್ ಟೆಸ್ಟ್ ಮಾಡಿಸಿ’ ಅಂತ ಹೆದರಿಸಿದ್ದಾರೆ. ನನ್ನ ಹೆಂಡತಿಗೆ ಆಸ್ತಮಾ ಇದೆ. ಬಂದವರು ಜನವರಿಗೆ ಜಾಗ ಕೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಒಂದು, ಬಾಡಿಗೆ ಕೈತಪ್ಪುತ್ತದೆ ಅನ್ನೋದು. ಇನ್ನೊಂದು, ಆ ಕಪ್ಪು ಕಲೆ ಮನೆಯವರ ಉಸಿರಿಗೇ ಕುತ್ತು ತರುತ್ತದಾ ಅನ್ನೋದು. ನಿದ್ದೆ ಕೆಡಿಸುವುದು ಎರಡನೆಯದು, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ಗೋಡೆಯ ಕಪ್ಪು ಬೂಷ್ಟು ಬೇರೆ, 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ನಾವೆಲ್ಲ ಕೇಳಿದ ‘ಬ್ಲ್ಯಾಕ್ ಫಂಗಸ್’ ಬೇರೆ. ಆ ಕಾಯಿಲೆಯ ಹೆಸರು ಮ್ಯೂಕರ್‌ಮೈಕೋಸಿಸ್. ಅದರಲ್ಲಿ ಕಪ್ಪಾಗುವುದು ರೋಗಿಯ ಮೈಯಲ್ಲಿ ಸತ್ತುಹೋದ ಭಾಗ, ಫಂಗಸ್ ಅಲ್ಲ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇದ್ದವರಿಗೆ, ಸ್ಟಿರಾಯ್ಡ್ ಜಾಸ್ತಿ ಬಿದ್ದವರಿಗೆ ಅದು ಹೆಚ್ಚಾಗಿ ಬಂತು. ನಿಮ್ಮ ಗೋಡೆಯ ಮೇಲೆ ಇರುವುದು ಬಹುಶಃ ಕ್ಲಾಡೋಸ್ಪೋರಿಯಂ, ಆಸ್ಪರ್ಜಿಲಸ್, ಪೆನಿಸಿಲಿಯಂ ಅನ್ನುವ ಸಾಮಾನ್ಯ ಜಾತಿಗಳು. ಹಳೇ ರೊಟ್ಟಿಯ ಮೇಲೆ, ಉಪ್ಪಿನಕಾಯಿ ಭರಣಿಯ ಬಾಯಲ್ಲಿ ಕಾಣುವ ಬೂಷ್ಟಿನ ಬಳಗ ಇದು. ಬಣ್ಣ ನೋಡಿ ಯಾವುದು ವಿಷ, ಯಾವುದು ಅಲ್ಲ ಅಂತ ಹೇಳಲು ಆಗುವುದಿಲ್ಲ.

ಹಾಗಂತ ಅದು ನಿರಪಾಯ ಅಂತಲೂ ಅಲ್ಲ. ಬೂಷ್ಟಿನ ಕಣಗಳು ಗಾಳಿಗೆ ಹಾರಿ ಮೂಗು, ಗಂಟಲು, ಶ್ವಾಸಕೋಶಕ್ಕೆ ಹೋಗುತ್ತವೆ. ಆರೋಗ್ಯವಂತರಿಗೆ ಸೀನು, ಕೆಮ್ಮು, ಕಣ್ಣುರಿ ಬರಬಹುದು. ಆಸ್ತಮಾ ಇದ್ದವರಿಗೆ ಉಬ್ಬಸ ಎದ್ದೇಳಬಹುದು. ರೋಗ ತಡೆಯುವ ಶಕ್ತಿ ತೀರಾ ಕುಗ್ಗಿದವರಿಗೆ ಆಸ್ಪರ್ಜಿಲಸ್‌ನಿಂದ ಶ್ವಾಸಕೋಶದ ಸೋಂಕೇ ಆಗಬಹುದು. ಹಾಗಾಗಿ ಕ್ಲೀನ್ ಆಗುವವರೆಗೆ ನಿಮ್ಮ ಹೆಂಡತಿ ಆ ಕಟ್ಟಡದೊಳಗೆ ಕಾಲಿಡುವುದು ಬೇಡ, ಶಟರ್ ಎತ್ತಲೂ ಹೋಗುವುದು ಬೇಡ. ಡಯಾಗ್ನೋಸ್ಟಿಕ್ ಸೆಂಟರ್‌ಗೆ ಬರುವವರಲ್ಲಿ ಕಾಯಿಲೆಯವರೇ ಜಾಸ್ತಿ ಅಲ್ವಾ, ಆದ್ದರಿಂದ ಬಟ್ಟೆ ಅಂಗಡಿಗೆ ನಡೆಯುವ ರಾಜಿ ಅಲ್ಲಿ ನಡೆಯುವುದಿಲ್ಲ.

ಲ್ಯಾಬ್ ಟೆಸ್ಟ್ ಬೇಡ. ಕಣ್ಣಿಗೆ ಬೂಷ್ಟು ಕಾಣುತ್ತಿದೆ, ಮೂಗಿಗೆ ವಾಸನೆ ಬಡಿಯುತ್ತಿದೆ. ಜಾತಿ ಯಾವುದೇ ಬರಲಿ, ಮಾಡಬೇಕಾದ ಕೆಲಸ ಬದಲಾಗುವುದಿಲ್ಲ. ಆ ದುಡ್ಡನ್ನು ಮಾಳಿಗೆಗೆ ಹಾಕಿ.

ಈಗ ಅಸಲು ವಿಷಯಕ್ಕೆ ಬರೋಣ. ಬೂಷ್ಟಿನ ಬೀಜಕಣ ಇಲ್ಲದ ಗಾಳಿ ಭೂಮಿ ಮೇಲೆ ಎಲ್ಲೂ ಇಲ್ಲ. ಅದು ಮೊಳೆಯಲು ಎರಡು ವಸ್ತು ಬೇಕು: ತಿನ್ನಲು ಏನಾದರೂ, ಕುಡಿಯಲು ನೀರು. ಒದ್ದೆಯಾದ ಹಲಗೆ, ರಟ್ಟಿನ ಮೇಲೆ ಒಂದೆರಡು ದಿನದಲ್ಲೇ ಅದು ಚಿಗುರಲು ಶುರು ಮಾಡುತ್ತದೆ. ಸಿಮೆಂಟು ಅದಕ್ಕೆ ಆಹಾರ ಅಲ್ಲ. ಹೊಸ ಪ್ಲಾಸ್ಟರ್ ಮೇಲೆ ಬೂಷ್ಟು ಹತ್ತುವುದೂ ಇಲ್ಲ, ಯಾಕೆಂದರೆ ಹೊಸ ಸಿಮೆಂಟು ತುಂಬಾ ಕ್ಷಾರ. ಅದರ ಪಿಎಚ್ 12ಕ್ಕಿಂತ ಮೇಲೆ. ಆದರೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ದಿನಾ ಸ್ವಲ್ಪ ಸ್ವಲ್ಪ ಗೋಡೆಗೆ ಇಳಿದು ಆ ಕ್ಷಾರವನ್ನು ಮೆತ್ತಗೆ ಮಾಡುತ್ತದೆ. ಎರಡು ಮೂರು ವರ್ಷದಲ್ಲಿ ಮೇಲ್ಮೈಯ ಕ್ಷಾರ ಇಳಿದುಹೋಗುತ್ತದೆ. ಅಷ್ಟರಲ್ಲಿ ಧೂಳು ಕೂತಿರುತ್ತದೆ. ಹದಡಿ ರಸ್ತೆಯ ಧೂಳು ನಿಮಗೆ ಗೊತ್ತೇ ಇದೆ. ಬೂಷ್ಟಿಗೆ ಆ ಧೂಳೇ ಊಟ. ಜೊತೆಗೆ ನೀವು ಒಳಗಿಟ್ಟ ಪ್ಲೈವುಡ್, ಸೆಂಟ್ರಿಂಗ್ ಹಲಗೆ, ಚೀಲದ ಕಾಗದ. ನಿಮ್ಮ ಕಟ್ಟಡ 2022ರಲ್ಲಿ ಚೆನ್ನಾಗಿದ್ದು ಈಗ ಕಪ್ಪಾಗಿದ್ದು ಹೀಗೆ.

ಊಟ ತಪ್ಪಿಸುವುದು ಕಷ್ಟ. ನೀರು ತಪ್ಪಿಸಬಹುದು. ಹಾಗಾದರೆ ನೀರು ಎಲ್ಲಿಂದ ಬಂತು?

ಇಲ್ಲಿ ನಮ್ಮ ಊರಿನ ಹವೆಯೇ ಒಂದು ಸುಳಿವು ಕೊಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ದಾವಣಗೆರೆಯಲ್ಲಿ ಬೀಳುವುದು ಅದರ ಹತ್ತನೇ ಒಂದು ಪಾಲಿಗೂ ಕಮ್ಮಿ. ಚಿತ್ರದುರ್ಗ, ಚಳ್ಳಕೆರೆ ಕಡೆ ಇನ್ನೂ ಒಣ. ಮಲೆನಾಡಿನ ಮನೆಯಲ್ಲಿ ಗೋಡೆ ಬೂಷ್ಟು ಹಿಡಿದರೆ ಹವೆಯನ್ನು ದೂರಬಹುದು. ಇಲ್ಲಿ ಹಾಗಲ್ಲ. ಶಿವರಾತ್ರಿಯಿಂದ ಯುಗಾದಿವರೆಗೆ ಮಧ್ಯಾಹ್ನದ ಗಾಳಿ ಎಷ್ಟು ಒಣಗಿರುತ್ತದೆ ಅಂದರೆ, ಮಾಳಿಗೆ ಮೇಲೆ ಹಾಕಿದ ಸಂಡಿಗೆ ಸಂಜೆಯೊಳಗೆ ಗರಿಗರಿ ಆಗುತ್ತದೆ. ಆ ತಿಂಗಳಲ್ಲೂ ಒಂದು ಗೋಡೆ ಹಸಿಯಾಗೇ ಇದೆ ಅಂದರೆ ಅದಕ್ಕೆ ಎಲ್ಲಿಂದಲೋ ನೀರು ಸರಬರಾಜು ಆಗುತ್ತಿದೆ ಅಂತ ಅರ್ಥ. ಬೇಸಿಗೆಯಲ್ಲಿ ಪೂರ್ತಿ ಒಣಗಿ, ಆರಿದ್ರಾ, ಪುನರ್ವಸು ಮಳೆಯ ಜಿಟಿಜಿಟಿಯಲ್ಲಿ ಮಾತ್ರ ಕಪ್ಪಾದರೆ ಕಾರಣ ಮಳೆ ನೀರು ಅಥವಾ ಗಾಳಿಯ ತೇವ. ನಾನು ಯಾರದೇ ಕಟ್ಟಡಕ್ಕೆ ಹೋದರೂ ಮೊದಲು ಕೇಳುವುದು ಇದನ್ನೇ: ಕಳೆದ ಮಾರ್ಚ್‌ನಲ್ಲಿ ಈ ಗೋಡೆ ಹೇಗಿತ್ತು? ನೀವೂ ನೆನಪು ಮಾಡಿಕೊಳ್ಳಿ.

ನೀವು ಬರೆದಿದ್ದನ್ನು ಓದಿದರೆ ನಿಮ್ಮಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ ಅನ್ನಿಸುತ್ತದೆ. ಒಂದೇ ಮದ್ದು ಎರಡಕ್ಕೂ ಆಗುವುದಿಲ್ಲ.

ಮೇಲಿನ ಹಾಲ್ ಮೊದಲು. ಸೀಲಿಂಗ್ ಮೂಲೆಗಳು ಕಪ್ಪಾಗಿವೆ. ಕಂಬಗಳು ನಿಂತಿರುವುದೂ ಮೂಲೆಗಳಲ್ಲೇ. ಆ ಕಂಬಗಳ ತಲೆಯ ಮೇಲೆ ಕಂಬಿ ಬಯಲಿಗೆ ನಿಂತು ಮೂರು ಮಳೆಗಾಲ ಕಳೆದಿದೆ. ನಮ್ಮ ಕಡೆ ಅರ್ಧಕ್ಕರ್ಧ ಕಟ್ಟಡಗಳ ಮೇಲೆ ಇದೇ ನೋಟ. ಕಂಬಿಯ ಬುಡದಲ್ಲಿ ಕಾಂಕ್ರೀಟಿಗೂ ಕಬ್ಬಿಣಕ್ಕೂ ನಡುವೆ ಕೂದಲೆಳೆಯ ಸಂದು ಇರುತ್ತದೆ. ನೀರು ಅಲ್ಲಿಂದ ಇಳಿಯುತ್ತದೆ. ಜೊತೆಗೆ, ಮುಂದೆ ಫ್ಲೋರ್ ಬರುತ್ತದಲ್ಲ ಅಂತ ಮಾಳಿಗೆಗೆ ಇಳಿಜಾರು ಕೊಟ್ಟಿರುವುದಿಲ್ಲ, ನೀರು ಹೋಗುವ ಪೈಪೂ ಸರಿಯಾಗಿ ಕೂರಿಸಿರುವುದಿಲ್ಲ. ಹಸ್ತಾ, ಚಿತ್ತಾ ಮಳೆ ಸುರಿದ ಮಾರನೇ ದಿನ ಮೇಲೆ ಹತ್ತಿ ನೋಡಿದ್ದೀರಾ? ಪಾಚಿ ಒಣಗಿದ ಕರೀ ಗುರುತು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ನೀರು ನಿಂತಿತ್ತು ಅಂತ ಲೆಕ್ಕ.

ಇದು ಬೂಷ್ಟಿಗಿಂತ ದೊಡ್ಡ ಚಿಂತೆ. ಬೂಷ್ಟು ಕಾಂಕ್ರೀಟನ್ನು ತಿನ್ನುವುದಿಲ್ಲ. ಅದೇ ನೀರು ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಸೀಲಿಂಗ್‌ನಲ್ಲಿ ಕಂದು ಗೆರೆ, ಉದ್ದನೆಯ ಬಿರುಕು, ಉಬ್ಬು ಏನಾದರೂ ಕಂಡರೆ ಪೇಂಟರ್‌ಗಿಂತ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಬರಬೇಕು.

ಮಾಳಿಗೆಗೆ ಮಾಡಬೇಕಾದ್ದು ಇಷ್ಟು. ಕಂಬಿಗಳನ್ನು ಬ್ರಷ್‌ನಿಂದ ಉಜ್ಜಿ, ತುಕ್ಕು ತಡೆಯುವ ಕೋಟಿಂಗ್ ಬಳಿದು, ಸಿಮೆಂಟ್ ಕಮ್ಮಿ ಹಾಕಿದ ಸಡಿಲ ಕಾಂಕ್ರೀಟಿನಲ್ಲಿ ಮುಚ್ಚಿಸಿ. ಮುಂದೆ ಫ್ಲೋರ್ ಏರಿಸುವಾಗ ಅದನ್ನು ಸುಲಭವಾಗಿ ಒಡೆಯಬಹುದು. ಇಡೀ ಮಾಳಿಗೆಗೆ 100 ಅಡಿಗೆ 1 ಅಡಿಯಷ್ಟಾದರೂ ಇಳಿಜಾರು ಬರುವ ಹಾಗೆ ಗಾರೆ ಹಾಕಿಸಿ, ಅದರ ಮೇಲೆ ವಾಟರ್‌ಪ್ರೂಫಿಂಗ್ ಮಾಡಿಸಿ. ಪ್ಯಾರಾಪೆಟ್ ಗೋಡೆ ಮಾಳಿಗೆಗೆ ಸೇರುವ ಮೂಲೆಯನ್ನು ದುಂಡಗೆ ಮಾಡಿಸಿ. ಆಮೇಲೆ ಎರಡು ದಿನ ಎರಡು ಇಂಚು ನೀರು ನಿಲ್ಲಿಸಿ ಕೆಳಗಿನಿಂದ ನೋಡಿ. ಈ ಪರೀಕ್ಷೆ ಆಗುವ ಮುಂಚೆ ಮೇಸ್ತ್ರಿಗೆ ಪೂರ್ತಿ ದುಡ್ಡು ಕೊಡಬೇಡಿ.

ಇನ್ನು ಕೆಳಗಿನ ಹಿಂದಿನ ಗೋಡೆ. ಬಿಳಿ ಪುಡಿ ಬೂಷ್ಟಲ್ಲ, ಉಪ್ಪು. ಒಂದು ಹನಿ ನೀರು ಹಾಕಿ ನೋಡಿ. ಉಪ್ಪಾದರೆ ಕರಗುತ್ತದೆ, ಬೂಷ್ಟಾದರೆ ಹಾಗೇ ಕೂರುತ್ತದೆ. ಗೋಡೆಯೊಳಗೆ ನೀರು ಏರುವಾಗ ಇಟ್ಟಿಗೆಯ, ಮಣ್ಣಿನ ಉಪ್ಪನ್ನು ಹೊತ್ತು ತರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಗೋಡೆ ಮೇಲೆ ಉಳಿಯುತ್ತದೆ. ಮೂರಡಿ ಎತ್ತರದಲ್ಲಿ ನೆಟ್ಟಗೆ ಗೆರೆ ಎಳೆದ ಹಾಗೆ ನಿಂತಿದ್ದರೆ ನೀರು ಬುಡದಿಂದ ಬರುತ್ತಿದೆ ಅಂತಲೇ ಹೇಳಬೇಕು.

ಬುಡದಿಂದ ಅಂದರೆ ಎಲ್ಲರೂ ಪಾಯವನ್ನು ಬೈಯುತ್ತಾರೆ. ಪಾಯದ ಮೇಲೆ ತೇವ ತಡೆಯುವ ಪದರ ಹಾಕದೆ ಇಟ್ಟಿಗೆ ಏರಿಸಿದ್ದರೆ ಅದು ನಿಜವೂ ಇರಬಹುದು, ಅದರಲ್ಲೂ ಎರೆಮಣ್ಣಿನ ಜಾಗದಲ್ಲಿ. ಎರೆಮಣ್ಣು ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಆದರೆ ನನ್ನ ಅನುಭವದಲ್ಲಿ ಹೆಚ್ಚಿನ ಸಲ ತಪ್ಪಿತಸ್ಥ ಬೇರೆಯೇ ಇರುತ್ತಾನೆ, ಪಕ್ಕದ ಕಟ್ಟಡಕ್ಕೂ ನಮ್ಮದಕ್ಕೂ ನಡುವಿನ ಸಂದಿ. ಎರಡಡಿ ಅಗಲದ ಆ ಸಂದಿಯಲ್ಲಿ ಇಟ್ಟಿಗೆ ಚೂರು, ಮಣ್ಣು, ಪ್ಲಾಸ್ಟಿಕ್ ತುಂಬಿರುತ್ತದೆ. ನೆಲಮಟ್ಟ ನಮ್ಮ ಒಳಗಿನ ನೆಲಕ್ಕಿಂತ ಎತ್ತರ ಬಂದಿರುತ್ತದೆ. ಪಕ್ಕದವರ ಮಾಳಿಗೆ ನೀರು, ಕೆಲವೊಮ್ಮೆ ಅವರ ಬಚ್ಚಲ ಪೈಪು, ಎಲ್ಲ ಅಲ್ಲಿಗೇ. ನಮ್ಮ ಗೋಡೆ ಅಲ್ಲಿ ಪ್ಲಾಸ್ಟರ್ ಇಲ್ಲದ ಬರೀ ಇಟ್ಟಿಗೆ. ಇಟ್ಟಿಗೆ ಸ್ಪಂಜಿನಂತೆ ಹೀರುತ್ತದೆ. ನಿಮ್ಮ ಪತ್ರದಲ್ಲಿ ‘ಹೊರಗೆ ಮುಂಭಾಗಕ್ಕೆ ಮಾತ್ರ ಪ್ಲಾಸ್ಟರ್’ ಅನ್ನೋದನ್ನು ಓದಿದಾಗಲೇ ನನಗೆ ಸಂದಿಯ ನೆನಪಾಯಿತು.

ಟಾರ್ಚ್ ತೆಗೆದುಕೊಂಡು ಹಿಂದೆ ಹೋಗಿ. ಕಸ ಪೂರ್ತಿ ತೆಗೆಸಿ, ನೆಲವನ್ನು ನಿಮ್ಮ ಒಳ ನೆಲಕ್ಕಿಂತ ಅರ್ಧ ಅಡಿಯಾದರೂ ಕೆಳಗೆ ಇಳಿಸಿ, ಕಾಂಕ್ರೀಟ್ ಹಾಕಿ ನೀರು ರಸ್ತೆ ಕಡೆಗೆ ಹರಿಯುವಂತೆ ಮಾಡಿಸಿ. ಆಳು ನಿಲ್ಲುವಷ್ಟು ಜಾಗ ಇದ್ದರೆ ಆ ಗೋಡೆಗೆ ಹೊರಗಿನಿಂದ ಪ್ಲಾಸ್ಟರ್ ಮಾಡಿಸಿ. ಇದಕ್ಕೆ ಪಕ್ಕದವರ ಜೊತೆ ಮಾತಾಡಬೇಕಾಗುತ್ತದೆ. ಜಗಳದ ದನಿಯಲ್ಲಿ ಬೇಡ. ಅದೇ ನೀರು ಅವರ ಗೋಡೆಗೂ ಇಳಿಯುತ್ತಿರುತ್ತದೆ ಅಂತ ತೋರಿಸಿದರೆ ಸಾಕಷ್ಟು ಜನ ಅರ್ಧ ಖರ್ಚು ಹಾಕಲೂ ಒಪ್ಪುತ್ತಾರೆ.

ಇನ್ನೊಂದು ಜಾಗ ನೋಡಿ, ಟಾಯ್ಲೆಟ್‌ಗೆ ಅಂತ ತಗ್ಗಿಸಿ ಬಿಟ್ಟ ಸ್ಲ್ಯಾಬ್. ಹಿಂದೊಮ್ಮೆ ಚಿತ್ರದುರ್ಗದಲ್ಲಿ ಒಂದು ಹಾಲ್‌ನ ಮಾಲೀಕರು ನಾಲ್ಕು ವರ್ಷದಲ್ಲಿ ಮೂರು ಸಲ ಪೇಂಟ್ ಮಾಡಿಸಿ, ಪ್ರತಿ ಸಲ ಕಂಪನಿ ಬದಲಿಸಿ ಸೋತಿದ್ದರು. ಟಾಯ್ಲೆಟ್‌ನ ಎರಡು ಟೈಲ್ಸ್ ಒಡೆಸಿ ನೋಡಿದಾಗ ತಗ್ಗು ಸ್ಲ್ಯಾಬ್‌ನಲ್ಲಿ ನೀರು ತುಂಬಿ ನಿಂತಿತ್ತು. ಬಕೆಟ್‌ಗಟ್ಟಲೆ ತೆಗೆದೆವು. ಕೆಲಸ ನಡೆಯುವಾಗ ತೆರೆದಿಟ್ಟ ಪೈಪಿನ ತೂತಿನಿಂದ ಮಳೆ ನೀರು ಇಳಿದು ಅಲ್ಲೇ ಉಳಿದಿತ್ತು. ಅದರ ಮೇಲೇ ಟೈಲ್ಸ್ ಹಾಕಿದ್ದರು. ನಿಮ್ಮಲ್ಲಿ ಇನ್ನೂ ಟೈಲ್ಸ್ ಹಾಕಿಲ್ಲ. ಇದು ನಿಮ್ಮ ಭಾಗ್ಯ, ಈಗಲೇ ನೋಡಬಹುದು. ಲಿಫ್ಟಿಗೆ ಗುಂಡಿ ತೋಡಿದ್ದರೆ ಅದನ್ನೂ ನೋಡಿ. ಅಲ್ಲಿ ನಿಂತ ನೀರು ಬೂಷ್ಟಿನ ಜೊತೆಗೆ ಡೆಂಗಿ ಸೊಳ್ಳೆಯನ್ನೂ ಸಾಕುತ್ತದೆ.

ತೇವ ಗೋಡೆಯಿಂದ ಬರುತ್ತಿದೆಯೋ ಗಾಳಿಯಿಂದ ಕೂರುತ್ತಿದೆಯೋ ಅನ್ನುವ ಅನುಮಾನ ಇದ್ದರೆ ಒಂದು ಸುಲಭ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ಪಾಲಿಥೀನ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಅಗಲದ ಟೇಪ್ ಹಾಕಿ. ಒಂದು ದಿನ ಪೂರ್ತಿ ಬಿಡಿ. ಹನಿ ಹಾಳೆಯ ಹಿಂದೆ, ಗೋಡೆ ಕಡೆ ಕೂತರೆ ನೀರು ಗೋಡೆಯೊಳಗಿದೆ. ಹಾಳೆಯ ಮೇಲೆ, ನಮ್ಮ ಕಡೆ ಕೂತರೆ ಗಾಳಿಯ ತೇವ ತಣ್ಣನೆಯ ಗೋಡೆಗೆ ಬೆವರಾಗಿ ಇಳಿಯುತ್ತಿದೆ. ಹಾಳೆಯನ್ನು ಎರಡು ಮೂರು ಕಡೆ ಅಂಟಿಸಿ, ಫೋಟೋ ತೆಗೆದಿಟ್ಟುಕೊಳ್ಳಿ.

ಈಗ ಪೇಂಟರ್ ಹೇಳಿದ ಮಾತು. ಅವರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ, ಅವರ ಕೈಯಲ್ಲಿರುವುದು ಬ್ರಷ್ ಮಾತ್ರ. ಆದರೆ ಹಸಿ ಗೋಡೆಗೆ ಒಳಗಿನಿಂದ ವಾಟರ್‌ಪ್ರೂಫ್ ಪುಟ್ಟಿ ಬಳಿಯುವುದು ಅಂದರೆ ಕುದಿಯುವ ಪಾತ್ರೆಗೆ ಗಟ್ಟಿ ಮುಚ್ಚಳ ಹಾಕಿದ ಹಾಗೆ. ನೀರು ಬರುವುದು ನಿಲ್ಲುವುದಿಲ್ಲ, ಹೊರಗೆ ಆರಲು ದಾರಿ ಇಲ್ಲ. ಮೊದಲು ಉಬ್ಬುತ್ತದೆ, ಆಮೇಲೆ ಹಾಳೆ ಹಾಳೆಯಾಗಿ ಕೀಳುತ್ತದೆ. ಪುಟ್ಟಿ ಗಟ್ಟಿಯಾಗಿ ಹಿಡಿದರೆ ನೀರು ಇನ್ನೂ ಮೇಲಕ್ಕೆ ಹತ್ತಿ, ಮೂರಡಿ ಇದ್ದ ಗೆರೆ ನಾಲ್ಕೂವರೆ ಅಡಿಗೆ ಬರುತ್ತದೆ. ಇದರಲ್ಲಿ ಕಾನೂನಿನ ತೊಡಕೂ ಇದೆ. ಮೇಲ್ನೋಟಕ್ಕೆ ಕಾಣದ ದೊಡ್ಡ ದೋಷ ತನಗೆ ಗೊತ್ತಿದ್ದರೆ ಮಾಲೀಕ ಅದನ್ನು ಬಾಡಿಗೆದಾರರಿಗೆ ತಿಳಿಸಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಹೇಳುತ್ತದೆ. ಕಾಣುತ್ತಿದ್ದ ದೋಷವನ್ನು ಪುಟ್ಟಿ ಹಚ್ಚಿ ಕಾಣದಂತೆ ಮಾಡಿ ಕೊಟ್ಟರೆ, ನಾಳೆ ಅವರು ಇಂಟೀರಿಯರ್ ಹಾಳಾಯಿತು ಅಂತ ಬಂದಾಗ ನಿಮ್ಮ ಬಳಿ ಉತ್ತರ ಇರುವುದಿಲ್ಲ.

ಸ್ನೇಹಿತರು ಹೇಳಿದ ಹಾಗೆ ಪೂರ್ತಿ ಪ್ಲಾಸ್ಟರ್ ಕೀಳುವ ಅಗತ್ಯವೂ ಇಲ್ಲ. ಹಿಂದಿನ ಗೋಡೆಯಲ್ಲಿ ಉಪ್ಪು ತಿಂದು ಪೊಳ್ಳಾದ ಭಾಗ, ಅದರ ಗೆರೆಯಿಂದ ಒಂದು ಅಡಿ ಮೇಲಿನವರೆಗೆ ಕೀಳಿಸಿ. ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಮೇಸ್ತ್ರಿಗೆ ಗೊತ್ತಾಗುತ್ತದೆ. ಉಪ್ಪು ತುಂಬಿದ ಗಾರೆಯನ್ನು ಉಳಿಸಿದರೆ ಅದು ಗಾಳಿಯಿಂದಲೇ ತೇವ ಎಳೆದುಕೊಳ್ಳುತ್ತಿರುತ್ತದೆ. ಉಳಿದ ಕಡೆ ತೊಳೆದರೆ ಸಾಕು. ಗೋಡೆಗೆ ತೂತು ಕೊರೆದು ಕೆಮಿಕಲ್ ತುಂಬುವವರು ಬಂದಾರು. ಪಾಯದಿಂದಲೇ ನೀರು ಏರುತ್ತಿದೆ ಅಂತ ಖಾತ್ರಿಯಾದ ಮೇಲೆ ಅದು ಒಳ್ಳೆ ಉಪಾಯ. ಸಂದಿಯ ನೀರಿಗೆ ಅದನ್ನು ಮಾಡಿಸಿದರೆ ದುಡ್ಡು ನೀರಿಗೆ ಹಾಕಿದಂತೆ. ತೇವ ಹೀರುವ ಮಷೀನೂ ಹಾಗೆಯೇ, ನೀರಿನ ದಾರಿ ಮುಚ್ಚುವ ಮುನ್ನ ಅದರಿಂದ ಕರೆಂಟ್ ಬಿಲ್ ಮಾತ್ರ ಏರುತ್ತದೆ.

ಕ್ಲೀನ್ ಮಾಡುವ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ಜನ ಮೈಗೆ ಹಾನಿ ಮಾಡಿಕೊಳ್ಳುತ್ತಾರೆ. ಬೂಷ್ಟು ಹಿಡಿದ ಜಾಗ ಮೂರಡಿಗೆ ಮೂರಡಿಯಷ್ಟಿದ್ದರೆ ನೀವೇ ಮಾಡಬಹುದು. ನಿಮ್ಮದು ಅದಕ್ಕಿಂತ ಬಹಳ ಜಾಸ್ತಿ, ತಯಾರಿ ಬೇಕು. ಕೆಲಸ ಮಾಡುವ ಪ್ರತಿಯೊಬ್ಬರಿಗೂ ಎನ್-95 ಮಾಸ್ಕ್, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ರಬ್ಬರ್ ಗ್ಲೌಸ್ ಕೊಡಿಸಿ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಆಗುವುದಿಲ್ಲ. ಕೂಲಿಗೆ ಬಂದವರ ಶ್ವಾಸಕೋಶವೂ ನಮ್ಮ ಜವಾಬ್ದಾರಿ. ಮೊದಲು ಪ್ಲೈವುಡ್, ಹಲಗೆ, ಚೀಲಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಹೊರಗೆ ಸಾಗಿಸಿ. ಒಳಗೆ ಬೂಷ್ಟು ಇಳಿದ ಪ್ಲೈವುಡ್ ಉಳಿಸಬೇಡಿ, ಎಷ್ಟೇ ದುಬಾರಿ ಆಗಿರಲಿ. ಗೋಡೆಯನ್ನು ಒಣಗಿದ್ದಾಗ ಕೆರೆಯಬಾರದು, ಫ್ಯಾನ್ ಹಾಕಬಾರದು. ಎರಡರಿಂದಲೂ ಕಣಗಳು ಇಡೀ ಕಟ್ಟಡಕ್ಕೆ ಹರಡುತ್ತವೆ. ಸ್ಪ್ರೇಯರ್‌ನಿಂದ ನೀರು ಚಿಮುಕಿಸಿ, ಸೋಪಿನ ನೀರು ಹಾಕಿ ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ ತೆಗೆಯಿರಿ. ವೈರಿಂಗ್ ಪೈಪಿನೊಳಗೂ ನೀರು ಇಳಿದಿರಬಹುದು. ಹಾಗಾಗಿ ಮೇನ್ ಸ್ವಿಚ್ ಆಫ್ ಮಾಡಿಯೇ ಶುರು ಮಾಡಿ.

ಬ್ಲೀಚಿಂಗ್ ಹಾಕಿದರೆ ಕಪ್ಪು ಹೋಗುತ್ತದೆ, ನಿಜ. ಬಣ್ಣ ಹೋಗುತ್ತದೆ, ಬೇರು ಗಾರೆಯ ರಂಧ್ರದಲ್ಲಿ ಉಳಿಯುತ್ತದೆ. ಸತ್ತ ಬೂಷ್ಟು ಕೂಡ ಅಲರ್ಜಿ ಮಾಡುತ್ತದೆ, ಅದಕ್ಕೇ ಉಜ್ಜಿ ತೆಗೆಯುವುದು ಮುಖ್ಯ. ಬ್ಲೀಚಿಂಗನ್ನು ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಜೊತೆ ಯಾವತ್ತೂ ಬೆರೆಸಬೇಡಿ. ಹೊರಡುವ ಕ್ಲೋರಿನ್ ಗ್ಯಾಸ್ ಮುಚ್ಚಿದ ಅಂಗಡಿಯೊಳಗೆ ಜೀವಕ್ಕೇ ಅಪಾಯ.

ಆಮೇಲೆ ಒಣಗಿಸುವುದು. ಶಟರ್ ಮಾತ್ರ ಎತ್ತಿದರೆ ಗಾಳಿ ಒಳಗೆ ಬಂದು ಅಲ್ಲೇ ನಿಲ್ಲುತ್ತದೆ. ಎದುರು ಗೋಡೆಯಲ್ಲಿ ಮೇಲ್ಗಡೆ ಒಂದು ವೆಂಟಿಲೇಟರ್ ಬೇಕು. ನವೆಂಬರ್‌ನಿಂದ ದಿನಾ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ತೆರೆದಿಡಿ, ಮಳೆ ಮೋಡದ ದಿನ ಮುಚ್ಚಿಡಿ. ಬೂಷ್ಟು ಕ್ಲೀನ್ ಆದ ಮೇಲೆ ಫ್ಯಾನ್ ಹಾಕಬಹುದು. ಕೆಲವು ನೂರು ರೂಪಾಯಿಗೆ ತೇವಾಂಶ ತೋರಿಸುವ ಮೀಟರ್ ಸಿಗುತ್ತದೆ, ಒಳಗೆ ತೂಗುಹಾಕಿ. ತೇವಾಂಶ ಶೇಕಡಾ 60ಕ್ಕಿಂತ ಕೆಳಗೆ ಇರಬೇಕು. ಹೊಸ ಗಾರೆ ಹಾಕಿಸಿದರೆ ಅದೂ ಒಣಗಲು ಸಮಯ ಕೇಳುತ್ತದೆ. ಕಾಂಕ್ರೀಟ್‌ಗೆ ಒಂದು ಚೀಲ ಸಿಮೆಂಟಿಗೆ 25 ಲೀಟರ್ ನೀರು ಹಾಕುತ್ತೇವೆ ಅಂದುಕೊಳ್ಳಿ, ಸಿಮೆಂಟು ಗಟ್ಟಿಯಾಗಲು ಹಿಡಿದಿಟ್ಟುಕೊಳ್ಳುವುದು ಅದರಲ್ಲಿ ಸುಮಾರು ಅರ್ಧ. ಉಳಿದದ್ದು, ಕ್ಯೂರಿಂಗ್ ನೀರಿನ ಸಮೇತ, ಗಾಳಿಗೇ ಹೋಗಬೇಕು.

ತಕ್ಷಣ ಪೇಂಟ್ ಮಾಡುವ ಬದಲು ಗೋಡೆಗೆ ಸುಣ್ಣ ಹೊಡೆಸಿ. ನಮ್ಮ ಅಜ್ಜಂದಿರ ಕಾಲದ ಸುಣ್ಣವೇ. ಅದು ಗೋಡೆಯನ್ನು ಉಸಿರಾಡಲು ಬಿಡುತ್ತದೆ, ಕಳೆದುಹೋದ ಕ್ಷಾರವನ್ನು ಮತ್ತೆ ಕೊಡುತ್ತದೆ. ಹಸಿ ಇನ್ನೂ ಇದ್ದರೆ ಕಲೆ ಎದ್ದು ಕಾಣುತ್ತದೆ, ಮುಚ್ಚಿಡುವುದಿಲ್ಲ. ಹೊಡೆಯುವವರ ಕಣ್ಣಿಗೆ ಬೀಳದಂತೆ ಎಚ್ಚರ ಇರಲಿ. ಪುಟ್ಟಿ, ಪೇಂಟ್ ಎಲ್ಲ ಮಾರ್ಚ್–ಏಪ್ರಿಲ್‌ಗೆ ಇಟ್ಟುಕೊಳ್ಳಿ, ಅದೂ ಪಾಲಿಥೀನ್ ಹಾಳೆ ಪೂರ್ತಿ ಒಣಗಿ ಬಂದ ಮೇಲೆ.

ಜನವರಿಗೆ ಕೊಡಲು ಆಗುವುದಿಲ್ಲ ಅಂತ ಅವರಿಗೆ ನೇರವಾಗಿ ಹೇಳಿ. ಮಾಳಿಗೆ ಮತ್ತು ಸಂದಿಯ ಕೆಲಸದ ಫೋಟೋ ತೋರಿಸಿ, ಏಪ್ರಿಲ್ ಕೊನೆಯ ತಾರೀಖು ಕೊಡಿ. ಅಡ್ವಾನ್ಸ್ ಈಗ ಕೇಳಬೇಡಿ. ದಾವಣಗೆರೆ ಆಸ್ಪತ್ರೆಗಳ ಊರು, ಮಷೀನ್ ತಂದು ಕೂರಿಸುವವರಿಗೆ ಒಣ ಗೋಡೆಯ ಬೆಲೆ ಚೆನ್ನಾಗಿ ಗೊತ್ತು. ಅವರು ಕಾಯದಿದ್ದರೆ ಬೇರೆಯವರು ಬರುತ್ತಾರೆ. ಒಂದು ಬೇಸಿಗೆ ಖಾಲಿ ಬಿಡುವ ನಷ್ಟ ಬೇಸರದ್ದೇ, ಒಪ್ಪುತ್ತೇನೆ. ಆದರೆ ಫಾಲ್ಸ್ ಸೀಲಿಂಗ್, ಎಸಿ, ಪಾರ್ಟಿಷನ್ ಎಲ್ಲ ಕೂತ ಮೇಲೆ ಆಗಸ್ಟ್‌ನಲ್ಲಿ ಸೀಲಿಂಗ್ ಒಳಗಿನಿಂದ ಹನಿ ಬಿದ್ದರೆ ಆಗುವ ನಷ್ಟ ಅದಕ್ಕಿಂತ ಬಹಳ ದೊಡ್ಡದು.

ಈ ಭಾನುವಾರ ಮೊದಲು ಸಂದಿಗೆ ಹೋಗಿ ನೋಡಿ, ಆಮೇಲೆ ಮಾಳಿಗೆ ಹತ್ತಿ. ಕಂಬಿಯ ಬುಡದ್ದು, ಸಂದಿಯ ನೆಲದ್ದು, ಪಾಲಿಥೀನ್ ಹಾಳೆಯದ್ದು ಫೋಟೋ ಕಳಿಸಿ. ಹಿಂದಿನ ಗೋಡೆಯನ್ನು ಎಷ್ಟು ಎತ್ತರಕ್ಕೆ ಕೀಳಿಸಬೇಕು ಅನ್ನೋದನ್ನು ಅದನ್ನು ನೋಡಿ ಹೇಳುತ್ತೇನೆ.